ಮೂರನೆಯವನ ಅಳತೆ

"ಇನ್ನೊಂದು ಇಂಚು ಒಳಗೆ ತಗೋ. ಮೇಲಿಂದ ನೋಡಿದ್ರೆ ಗೊತ್ತಾಗಬಾರದು, ಅಷ್ಟೇ," ಎಂದು ಕಂಪೌಂಡರ್ ತನ್ನ ಪ್ಯಾಂಟನ್ನು ಎರಡು ಬೆರಳಲ್ಲಿ ಸೊಂಟದಿಂದ ಹೊರಗೆಳೆದು ತೋರಿಸಿದ. ಆ ಸಂದಿಯಲ್ಲಿ ಒಂದು ದಪ್ಪ ಪುಸ್ತಕ ಇಳಿಬಿಡಬಹುದಿತ್ತು.

"ಇದು ನಾಲ್ಕನೇ ಸಲ," ಎಂದೆ.

"ಎಣಿಸೋಕೆ ನಿನ್ನ ಹತ್ರ ಬರ್ತೀನಾ? ಹೊಲಿಸೋಕೆ ಬರ್ತೀನಿ."

"ಓಡಿ ಓಡಿ ಇಳಿದಿದೆ ಅಂತ ಫೆಬ್ರವರೀಲಿ ಅಂದೆ. ನಾವು ಓಡೋದು ನೂರು ಮೀಟರು ಕಣೋ. ಅದಕ್ಕೆ ಐದೂವರೆ ಇಂಚು ಇಳಿಯುತ್ತಾ?"

"ಇಳಿದಿದೆಯಲ್ಲ. ನಿನ್ನ ಟೇಪು ಸುಳ್ಳು ಹೇಳುತ್ತಾ?"

ಟೇಪು ಸುಳ್ಳು ಹೇಳಿದ್ದನ್ನು ನಲವತ್ತೈದು ವರ್ಷದ ಕಸುಬಿನಲ್ಲಿ ನಾನು ಕಂಡಿಲ್ಲ. ವರ್ಷದ ಆರಂಭದಲ್ಲಿ ಅವನ ಸೊಂಟ ಮೂವತ್ತಾರು. ಫೆಬ್ರವರಿ ಕೊನೆಗೆ ಮೂವತ್ತನಾಲ್ಕೂವರೆ. ಏಪ್ರಿಲ್‌ನಲ್ಲಿ ಮೂವತ್ತಮೂರು, ಜೂನ್‌ನಲ್ಲಿ ಮೂವತ್ತೊಂದೂವರೆ. ಈಗ ಜುಲೈ, ಮಧ್ಯಾಹ್ನ ಹನ್ನೆರಡು ಗಂಟೆ, ಟೇಪು ಮೂವತ್ತೂವರೆಯ ಮೇಲೆ ನಿಂತಿತ್ತು. ಹೆಬ್ಬೆರಳಿಗೆ ಸೊಂಟದ ಮೂಳೆ ಕುರ್ಚಿಯ ಕೈಯ ಹಾಗೆ ಗಟ್ಟಿಯಾಗಿ ಸಿಗುತ್ತಿತ್ತು. ಗಂಡಸಿನ ಮೈ ಅವನ ಹೆಂಡತಿಗಿಂತ ದರ್ಜಿಗೆ ಚೆನ್ನಾಗಿ ಗೊತ್ತು ಅನ್ನುವುದು ನಮ್ಮ ಕಸುಬಿನವರ ಹಳೆಯ ತಮಾಷೆ. ಅವತ್ತು ನನಗೆ ನಗು ಬರಲಿಲ್ಲ.

"ಯಾರಾದ್ರೂ ಡಾಕ್ಟರಿಗೆ ತೋರಿಸಿದ್ಯಾ?"

"ನಲವತ್ತು ವರ್ಷ ಡಾಕ್ಟರ ಪಕ್ಕದಲ್ಲೇ ನಿಂತು ಔಷಧಿ ಅಳೆದು ಕೊಟ್ಟೋನು ನಾನು. ಇನ್ನೆಲ್ಲಿಗೆ ಹೋಗಲಿ?"

"ಹಾಗಾದ್ರೆ ನಿನಗೇ ಗೊತ್ತಿರಬೇಕು."

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ಮೇ ತಿಂಗಳಿಂದ ಗಡ್ಡ ಬಿಟ್ಟಿದ್ದ. ಕೇಳಿದವರಿಗೆಲ್ಲ 'ವಯಸ್ಸಾದ ಮೇಲೆ ಸ್ವಲ್ಪ ಷೋಕಿ' ಅನ್ನುತ್ತಿದ್ದ. ಗಡ್ಡದ ಒಳಗೆ ಕೆನ್ನೆ ಎಲ್ಲಿಗೆ ಹೋಗಿತ್ತೋ.

"ಗೊತ್ತಿದೆ," ಎಂದ. "ಆ ವಾರ್ಡು ನಾನು ನೋಡಿದೀನಿ ಕಣೋ. ಒಳಗೆ ಹೋದೋರು ಬರಲ್ಲ, ಅವರ ಚಪ್ಪಲಿ ಬರುತ್ತೆ, ಪ್ಲಾಸ್ಟಿಕ್ ಚೀಲದಲ್ಲಿ. ಹೇಗೂ ಹೋಗಬೇಕು, ಓಟ ಮುಗಿಸಿ ಹೋಗ್ತೀನಿ. ಐದು ವಾರ ಉಳಿದಿದೆ. ಅಲ್ಲೀವರೆಗೆ ನಮ್ಮನೆ ಟೀಚರಮ್ಮನಿಗೆ ಗೊತ್ತಾಗಬಾರದು. ಗೊತ್ತಾದ್ರೆ ಕಿವಿ ಹಿಡಿದು ಎಳ್ಕೊಂಡು ಹೋಗ್ತಾಳೆ. ಆಮೇಲೆ ಓಟಾನೂ ಇಲ್ಲ, ನಿನಗೆ ಮೂರನೆಯವನೂ ಇಲ್ಲ."

ಕೊನೆಯ ಮಾತನ್ನು ಅವನು ಸುಮ್ಮನೆ ಆಡಲಿಲ್ಲ. ನನ್ನ ನಾಡಿ ಎಲ್ಲಿ ಸಿಗುತ್ತದೆ ಅಂತ ಅವನಿಗೆ ಗೊತ್ತಿತ್ತು.

ಈ ಮೂರನೆಯವನ ವಿಷಯ ಹೇಳಿಬಿಡುತ್ತೇನೆ. ಅರವತ್ತಕ್ಕೆ ಅರಳುಮರಳು ಅಂತಾರೆ, ನಮಗೆ ಐವತ್ತಮೂರಕ್ಕೇ ಶುರುವಾಯಿತು. ಹಿರಿಯರ ಕ್ರೀಡಾಕೂಟ ಅಂತ ವರ್ಷಕ್ಕೆ ಮೂರು ನಡೆಯುತ್ತವೆ. ಐದೈದು ವರ್ಷಕ್ಕೊಂದು ಗುಂಪು. ಮೊದಲ ಸಲ ನಮ್ಮ ಗುಂಪಿನ ನೂರು ಮೀಟರಿಗೆ ಒಂಬತ್ತು ಜನ ಗೆರೆಗೆ ಬಂದಿದ್ದೆವು. ವರ್ಷ ಹೋದ ಹಾಗೆ ಒಬ್ಬನಿಗೆ ಮಂಡಿ ಹೋಯಿತು, ಒಬ್ಬನಿಗೆ ಕಣ್ಣು. ಮೂವರು ಸತ್ತರು. ಒಬ್ಬ ಹಾಡುಗಾರಿಕೆ ಕಲಿಯುತ್ತೇನೆ ಅಂತ ಬಿಟ್ಟುಹೋದ. ಅವನೂ ಸತ್ತ ಲೆಕ್ಕವೇ ಅಂತ ನಾವು ನಗುತ್ತಿದ್ದೆವು. ಎಪ್ಪತ್ತರ ಗುಂಪಿಗೆ ಬರುವಷ್ಟರಲ್ಲಿ ಉಳಿದವರು ಮೂವರು: ಬಸ್ ಓಡಿಸುತ್ತಿದ್ದ ಡ್ರೈವರ್, ಸರ್ಕಾರಿ ಆಸ್ಪತ್ರೆಯ ಕಂಪೌಂಡರ್, ದರ್ಜಿಯಾದ ನಾನು. ಡ್ರೈವರ್ ನಮಗೆಲ್ಲ ಅಡ್ಡಹೆಸರು ಇಟ್ಟಿದ್ದ. ನಾನು ಸೂಜಿ, ಕಂಪೌಂಡರ್ ಮಾತ್ರೆ. ಅವನ ಗಂಟಲಿಗೆ ಹೆದರಿ ನಾವು ಅವನನ್ನು ಹಾರ್ನು ಅನ್ನುತ್ತಿದ್ದೆವು.

ಸಂಘದ ನಿಯಮ ಒಂದಿದೆ. ಒಂದು ಗುಂಪಿನಲ್ಲಿ ಮೂವರು ಹೊರಟು ಮೂವರೂ ಗೆರೆ ಮುಟ್ಟಿದರೆ ಮಾತ್ರ ಅದು ಓಟ. ಇಬ್ಬರೇ ಆದರೆ ಕೆಳಗಿನ ಗುಂಪಿನ ಜೊತೆ ಓಡಿಸುತ್ತಾರೆ; ಅರವತ್ತೈದರ ಪಡ್ಡೆಗಳು ಮುಂದೆ ಹೋಗುತ್ತಾರೆ, ನಮ್ಮ ಹೆಸರು ಹಾಳೆಯ ತಳದಲ್ಲಿ ಆರನೆಯದು ಏಳನೆಯದು ಅಂತ ಬರುತ್ತದೆ. ಮೊದಲನೆಯವ ಅನ್ನಿಸಿಕೊಳ್ಳಬೇಕಾದರೆ ಕೊನೆಯವನೊಬ್ಬ ಬೇಕೇ ಬೇಕು.

ನನಗೆ ಮೊದಲನೆಯವನಾಗಬೇಕಿತ್ತು. ಹದಿನೆಂಟು ವರ್ಷ ನಾನು ಡ್ರೈವರನ ಬೆನ್ನು ನೋಡಿದ್ದೇನೆ. ಅವನು ಹಾಕಿಕೊಳ್ಳುವ ಓಟದ ಬನಿಯನ್ನು ಹೊಲಿದವನೂ ನಾನೇ. ಹಾಗಾಗಿ ಪ್ರತಿ ಸಲ ಓಡುವಾಗ ನನ್ನದೇ ಹೊಲಿಗೆ ನನ್ನ ಮುಂದೆ ಓಡುತ್ತಿತ್ತು. ನನ್ನ ಹೆಂಡತಿ, "ಆ ಬೆಳ್ಳಿ ಪದಕಗಳನ್ನ ಕಿಟಕಿಗಾದ್ರೂ ನೇತುಹಾಕಿ, ಕಾಗೆ ಹೆದರುತ್ತೆ," ಅನ್ನುತ್ತಾಳೆ. ಕಳೆದ ವರ್ಷ ಡ್ರೈವರನ ಹಿಮ್ಮಡಿಯಲ್ಲಿ ನೋವು ಶುರುವಾಯಿತು. ಹಿಂದಿನ ಕೂಟದಲ್ಲಿ ಅವನದು ಹದಿನಾರು ಸೆಕೆಂಡ್, ನನ್ನದು ಹದಿನಾರು ಪಾಯಿಂಟ್ ಎರಡು. ಕೈ ಚಾಚಿದರೆ ಮುಟ್ಟುವಷ್ಟು ದೂರ. ಆದರೆ ಅವನು ಆಗಸ್ಟ್ ಕೂಟ ಮುಗಿಸಿ ಮಗಳ ಊರಿಗೆ ಹೋಗುತ್ತೇನೆ, ಷೂ ಯಾರಿಗಾದರೂ ಕೊಟ್ಟುಬಿಡುತ್ತೇನೆ ಅಂದಿದ್ದ. ಅವನು ಹೋದ ಮೇಲೆ ನಾನು ಯಾರನ್ನು ಸೋಲಿಸಲಿ? ಉಳಿದದ್ದು ಅದೊಂದೇ ಓಟ.

"ಬಿಚ್ಚಿ ಕೊಡು," ಎಂದೆ ಕಂಪೌಂಡರ್‌ಗೆ. "ಎಲ್ಲಾ ಪ್ಯಾಂಟೂ ತಂದಿದ್ಯಾ?"

"ಏಳೂ ತಂದಿದೀನಿ. ಎರಡು ಶರ್ಟೂ ಇದೆ, ಕಾಲರ್ ಒಳಗೆ ಕತ್ತು ಗಂಟೆ ನಾಲಿಗೆ ಥರ ಅಲ್ಲಾಡುತ್ತೆ."

ಪ್ಯಾಂಟನ್ನು ಒಳಗೆ ತೆಗೆದುಕೊಳ್ಳುವುದು ಯಾರಿಗೂ ಬರುತ್ತದೆ. ಗೊತ್ತಾಗದ ಹಾಗೆ ತೆಗೆದುಕೊಳ್ಳುವುದು ಬೇರೆ ವಿದ್ಯೆ. ಒಂದೂವರೆ ಇಂಚಿನವರೆಗೆ ಹಿಂದಿನ ಹೊಲಿಗೆಯಲ್ಲಿ ಮುಚ್ಚಿಡಬಹುದು. ಅದಕ್ಕಿಂತ ಹೆಚ್ಚಾದರೆ ಹಿಂದಿನ ಎರಡು ಜೇಬುಗಳು ಜಗಳವಾಡಿ ರಾಜಿಯಾದ ಓರಗಿತ್ತಿಯರ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಯಾರು ನೋಡಿದರೂ ಗೊತ್ತಾಗುತ್ತದೆ. ಅದಕ್ಕೆ ಸೊಂಟದ ಪಟ್ಟಿ ಪೂರ್ತಿ ಬಿಚ್ಚಿ, ಜೇಬು ಕಿತ್ತು ಹೊಸ ಜಾಗಕ್ಕೆ ಕೂರಿಸಿ, ಪಕ್ಕದ ಹೊಲಿಗೆಯಿಂದ ತೊಡೆಯವರೆಗೆ ಇಳಿಸಿಕೊಂಡು ಹೋಗಬೇಕು. ಹಳೆಯ ಸೂಜಿತೂತಿನ ಗುರುತನ್ನು ವಿನೆಗರ್ ಹಚ್ಚಿದ ಒದ್ದೆ ಬಟ್ಟೆಯಿಟ್ಟು ಇಸ್ತ್ರಿ ಒತ್ತಿ ಅಳಿಸಬೇಕು. ಇಷ್ಟೂ ಮಾಡಿದೆ. ಶರ್ಟಿನ ಭುಜಕ್ಕೆ ತೆಳ್ಳನೆ ಹತ್ತಿಯ ಪದರ ಕೊಟ್ಟೆ, ಕಾಲರ್ ಬಿಚ್ಚಿ ಅರ್ಧ ಇಂಚು ಕಡಿಮೆ ಮಾಡಿ ಕೂರಿಸಿದೆ. ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಮುಗಿದ ಮೇಲೆ ಅವನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ಹೋದ ವರ್ಷದ ಕಂಪೌಂಡರ್‌ನೇ ನಿಂತ ಹಾಗಿತ್ತು.

ಹೆಮ್ಮೆಯಾಯಿತು ಅಂತ ಹೇಳಲೇಬೇಕು. ಅಷ್ಟು ಚೆಂದದ ಕೆಲಸ ನಾನು ಮಾಡಿ ಎಷ್ಟೋ ವರ್ಷವಾಗಿತ್ತು.

ಅವನು ಒಯ್ದ ಎರಡನೇ ದಿನಕ್ಕೆ ಟೀಚರಮ್ಮ ಅಂಗಡಿಗೆ ಬಂದರು. ಕಂಪೌಂಡರನ ಹೆಂಡತಿ. ಪ್ರೈಮರಿ ಶಾಲೆಯಲ್ಲಿ ಮೂವತ್ತೈದು ವರ್ಷ ಪಾಠ ಮಾಡಿದವರು, ಈಗಲೂ ಮಾತಾಡುವಾಗ ಎದುರಿಗಿದ್ದವರಿಗೆ ಅರ್ಥವಾಯಿತೋ ಇಲ್ಲವೋ ಅಂತ ಒಂದು ಗಳಿಗೆ ನಿಲ್ಲಿಸಿ ನೋಡುತ್ತಾರೆ. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು, ಇನ್ನೊಂದು ಆಗಬೇಕಿತ್ತು. ಕೈಯಲ್ಲಿ ಕಿಟಕಿಯ ಪರದೆಗಳ ಕಟ್ಟು.

"ಅಂಚು ಮಡಿಸಿ ಕೊಡಿ ಅಣ್ಣ. ಅವಸರ ಇಲ್ಲ," ಅಂದರು. ಹೋಗಲಿಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. "ನಮ್ಮವರು ಹೇಗೆ ಓಡ್ತಿದಾರೆ?"

"ಚೆನ್ನಾಗಿ ಓಡ್ತಾನಮ್ಮ."

"ಊಟ ಅರ್ಧಕ್ಕೇ ಬಿಡ್ತಾರೆ. ಕೇಳಿದ್ರೆ ಓಟಗಾರರು ಹಗುರ ಇರಬೇಕು ಅಂತಾರೆ. ರಾತ್ರಿ ನನ್ನ ಕೆಮ್ಮಿಗೆ ನಿದ್ದೆ ಬರಲ್ಲ ಅಂತ ಮುಂದಿನ ಕೋಣೇಲಿ ಮಲಗ್ತಾರೆ. ಸ್ನಾನ ಮುಗಿಸಿ ಪೂರ್ತಿ ಬಟ್ಟೆ ಹಾಕ್ಕೊಂಡೇ ಬಾಗಿಲು ತೆಗೀತಾರೆ, ಹೊಸ ಮದುಮಗನ ಹಾಗೆ." ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ಈ ಕಣ್ಣಲ್ಲಿ ನನಗೆ ಸರಿಯಾಗಿ ಕಾಣಲ್ಲ. ಇಳಿದುಹೋಗಿದಾರೇನೋ ಅಂತ ಒಂದೊಂದು ಸಲ ಅನ್ಸುತ್ತೆ. ಮತ್ತೆ ನೋಡ್ತೀನಿ, ಪ್ಯಾಂಟು ಶರ್ಟು ಎಲ್ಲಾ ಮೈಗೆ ಸರಿಯಾಗೇ ಇದೆ. ಅದಕ್ಕೇ ಸಮಾಧಾನ. ಇಳಿದಿದ್ರೆ ಪ್ಯಾಂಟು ಜಾರ್ತಿತ್ತಲ್ವಾ ಅಣ್ಣ?"

ಹಾಗಂದು, ಅರ್ಥವಾಯಿತೋ ಇಲ್ಲವೋ ಅಂತ ನನ್ನನ್ನು ನೋಡಿದರು.

ಪರದೆಯ ಬಟ್ಟೆಯನ್ನು ಬೆರಳಲ್ಲಿ ಉಜ್ಜುತ್ತಾ ಇದ್ದೆ. ಹಸಿರು ಬಟ್ಟೆ, ಅಂಚಿನಲ್ಲಿ ನೂಲು ಎದ್ದಿತ್ತು.

"ಹೌದಮ್ಮ," ಎಂದೆ. "ಜಾರ್ತಿತ್ತು."

"ಅದೇ ನಾನೂ ಅಂದ್ಕೊಂಡೆ," ಅಂದರು. ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ಅವರ ಮುಖ ಬಂದಾಗಿನಕ್ಕಿಂತ ತಿಳಿಯಾಗಿತ್ತು.

ನಾವು ಅಭ್ಯಾಸ ಮಾಡುತ್ತಿದ್ದುದು ನೀರಿನ ಟ್ಯಾಂಕಿನ ಹಿಂದಿನ ಮೈದಾನದಲ್ಲಿ, ಬೆಳಗ್ಗೆ ಆರಕ್ಕೆ. ಸುಣ್ಣದ ಗೆರೆ ನಾವೇ ಎಳೆದುಕೊಂಡದ್ದು. ಡ್ರೈವರ್ ನಡುವೆ ನಿಂತು "ರೈಟ್ ರೈಟ್!" ಅಂತ ಕೂಗಿದರೆ ಹೊರಡುವುದು. ಆಗಸ್ಟ್ ಮೊದಲ ವಾರ ಒಂದು ದಿನ ಕಂಪೌಂಡರ್ ಮೂವತ್ತು ಮೀಟರಿಗೇ ನಿಂತು, ಏನೋ ನೆನಪಾದವನ ಹಾಗೆ ಟ್ಯಾಂಕಿನ ಹಿಂದಕ್ಕೆ ಹೋದ. ವಾಂತಿ ಮಾಡುವ ಸದ್ದು ಕೇಳಿಸಿತು.

ಡ್ರೈವರ್ ನನ್ನ ತೋಳು ಹಿಡಿದ. "ಏನೋ ಇದು? ನಿನ್ನೇನೂ ಹೀಗೇ ಆಯ್ತು."

"ಪಿತ್ತ ಇರಬೇಕು. ಖಾಲಿ ಹೊಟ್ಟೇಲಿ ಬರ್ತಾನೆ."

"ಅವನ ಕಾಲು ನೋಡಿದ್ಯಾ? ಉದ್ದ ಪ್ಯಾಂಟ್ ಹಾಕ್ಕೊಂಡೇ ಓಡ್ತಾನೆ ಈಚೆಗೆ. ಮುಖಾನೂ ಒಂಥರಾ ಆಗಿದೆ." ಡ್ರೈವರ್ ಗಂಟಲು ತಗ್ಗಿಸಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. "ಸೂಜಿ, ಈ ಸಲ ಅವನನ್ನ ಬಿಟ್ಟುಬಿಡೋಣ ಕಣೋ. ನಾವಿಬ್ರೇ ಅರವತ್ತೈದರವರ ಜೊತೆ ಓಡೋಣ. ಆರನೆಯವನೋ ಏಳನೆಯವನೋ, ಏನೀಗ? ನಾನೇ ಟೀಚರಮ್ಮನಿಗೆ ಹೇಳ್ತೀನಿ, ಒಂದ್ಸಲ ತೋರಿಸಿ ಅಂತ."

ಬಾಗಿಲು ಪೂರ್ತಿ ತೆರೆದು ಕೊಟ್ಟಿದ್ದ. ನಾನು ಹೂಂ ಅಂದಿದ್ದರೆ ಸಾಕಾಗಿತ್ತು.

"ನಿನಗೇನು, ಹದಿನೆಂಟು ವರ್ಷದ ಚಿನ್ನ ಇದೆ, ಆರನೆಯವನಾಗ್ತೀಯ," ಎಂದೆ.

"ಅಯ್ಯೋ, ಪದಕ ಬೇಕಾದ್ರೆ ಒಂದು ತಗೋ, ಮಾರ್ಕೆಟ್‌ನಲ್ಲಿ ಸಿಗುತ್ತೆ! ನಾನು ಕೇಳ್ತಿರೋದು ಅವನು ಹುಷಾರಾಗಿದಾನಾ ಅಂತ."

"ಅವನ ಅಳತೆ ತಗೊಳ್ಳೋನು ನಾನು. ಮೂವತ್ತಾರು ಇತ್ತು, ಮೂವತ್ತಾರೇ ಇದೆ. ಟೇಪಿಗಿಂತ ನಿನಗೆ ಜಾಸ್ತಿ ಗೊತ್ತಾ?"

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಮೂವತ್ತೆರಡು ವರ್ಷ ಬಸ್ ಓಡಿಸಿದವನು ಮೀಟರಿನ ಮುಳ್ಳನ್ನು ನಂಬಿ ಬದುಕಿದವನು. "ಹಾಗಾದ್ರೆ ಸರಿ," ಎಂದ. ಅಷ್ಟರಲ್ಲಿ ಕಂಪೌಂಡರ್ ಬಾಯಿ ಒರೆಸಿಕೊಳ್ಳುತ್ತಾ ಬಂದ. ಡ್ರೈವರ್ ಮತ್ತೆ ಹಳೆಯ ಗಂಟಲಿನಲ್ಲಿ, "ಬಾರೋ ಮಾತ್ರೆ! ಕುಂಟನಿಗೆ ಎಂಟು ಚೇಷ್ಟೆ ಅಂತ, ಓಡೋಕಾಗದಿದ್ರೆ ಗೋಡೆ ನೋಡೋಕೆ ಹೋಗ್ತೀಯಾ?" ಅಂದ. ಮೂವರೂ ನಕ್ಕೆವು.

ಕೂಟದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಹೆಸರು ಕೂಗುವ ಡೇರೆಯಲ್ಲಿ ಸಂಘದ ಸೆಕ್ರೆಟರಿ ಹಾಳೆ ಹಿಡಿದು, "ಎಪ್ಪತ್ತರವರು ಮೂರೂ ಜನ ಬಂದಿದೀರಾ? ಪುಣ್ಯ ಮಾಡಿದೀರಿ. ಎಪ್ಪತ್ತೈದರಲ್ಲಿ ಒಬ್ರೇ ಬಂದಿದಾರೆ, ಅವರೂ ಚಹಾ ಕುಡಿಯೋಕೆ," ಎಂದರು. ಎದೆಗೆ ನಂಬರಿನ ಬಟ್ಟೆ ಪಿನ್ನು ಚುಚ್ಚಿ ಕೊಟ್ಟರು. ಬನಿಯನ್ನು ಚಡ್ಡಿಯಲ್ಲೇ ಓಡಬೇಕು ಅನ್ನುವುದು ಕೂಟದ ನಿಯಮ, ಆದರೂ ಕಂಪೌಂಡರ್ ಪ್ಯಾಂಟು, ಜಾಕೀಟು ತೆಗೆಯಲಿಲ್ಲ. ನಂಬರನ್ನು ಕೈಯಲ್ಲೇ ಹಿಡಿದುಕೊಂಡ.

"ಜಾಕೀಟು ಹಾಕ್ಕೊಂಡು ಓಡ್ತೀಯೇನೋ?" ಎಂದ ಡ್ರೈವರ್.

"ಗೆರೇಲಿ ತೆಗೀತೀನಿ. ಗಾಳಿ ಇದೆ."

ಗಾಳಿ ಎಲ್ಲಿತ್ತು? ಬಾವುಟದ ಬಟ್ಟೆ ಕೋಲಿಗೆ ಒರಗಿ ನಿದ್ದೆ ಮಾಡುತ್ತಿತ್ತು.

ಮೂರನೇ ಸಾಲು ನನ್ನದು, ನಾಲ್ಕನೆಯದು ಡ್ರೈವರನದು, ಐದನೆಯದು ಕಂಪೌಂಡರನದು. ಪಿಸ್ತೂಲು ಹಿಡಿದ ಸ್ಟಾರ್ಟರ್ ಕುರ್ಚಿಯ ಮೇಲೆ ಹತ್ತಿದರು. ಎಪ್ಪತ್ತಾದವರು ಬಗ್ಗಿ ಹೊರಡಬೇಕಿಲ್ಲ, ನಿಂತೇ ಹೊರಡಬಹುದು. "ಗೆರೆಗೆ ಬನ್ನಿ," ಎಂದರು. ಆಗ ಕಂಪೌಂಡರ್ ಜಾಕೀಟಿನ ಜಿಪ್ಪು ಎಳೆದ. ಪ್ಯಾಂಟನ್ನು ಇಳಿಸಿ, ಎರಡನ್ನೂ ಮಡಚಿ ಪಕ್ಕದ ಕಂಬಿಯ ಮೇಲೆ ಹಾಕಿದ. ಅವನು ಯಾವಾಗಲೂ ಬಟ್ಟೆ ಮಡಚಿಡುವವನು.

ನಾನು ನೋಡಲಿಲ್ಲ. ನನಗೆ ಆ ಮೈಯ ಒಂದೊಂದು ಇಂಚೂ ಗೊತ್ತಿತ್ತು. ನೂರು ಮೀಟರ್ ಆಚೆಗಿನ ಬಿಳಿ ಗೆರೆಯಲ್ಲಿ ಕಣ್ಣು ನೆಟ್ಟಿದ್ದೆ.

ಡ್ರೈವರ್ ನೋಡಿದ.

"ಸಿದ್ಧ," ಎಂದರು ಸ್ಟಾರ್ಟರ್. ಪಕ್ಕದ ಸಾಲಿನಲ್ಲಿ "ಅಯ್ಯೋ, ಏನೋ ಇದು ಮಾತ್ರೆ..." ಅನ್ನುವುದು ಕೇಳಿಸಿತು. ಪಿಸ್ತೂಲು ಹಾರಿತು.

ಹೊರಟೆ. ಮೊದಲ ಹತ್ತು ಹೆಜ್ಜೆ ಪಕ್ಕದಲ್ಲಿ ಯಾರ ಉಸಿರೂ ಇಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ನನ್ನ ಮುಂದೆ ಯಾರ ಬೆನ್ನೂ ಇರಲಿಲ್ಲ, ನನ್ನ ಹೊಲಿಗೆಯೂ ಇರಲಿಲ್ಲ, ಬರೀ ಕೆಂಪು ನೆಲ. ಐವತ್ತರ ಹತ್ತಿರ ಡ್ರೈವರನ ಹೆಜ್ಜೆ ಕೇಳಿಸಿತು, ದಡ ದಡ ಅಂತ, ತಡವಾಗಿ ಹೊರಟ ಬಸ್ಸಿನ ಹಾಗೆ. ಎಂಬತ್ತಕ್ಕೆ ಅವನ ಭುಜ ನನ್ನ ಪಕ್ಕಕ್ಕೆ ಬಂತು. ಎದೆ ಮುಂದಕ್ಕೆ ಚೆಲ್ಲಿದೆ. ಗೆರೆ ದಾಟಿದ ಮೇಲೆ ಗಡಿಯಾರ ಹಿಡಿದವರು ನನ್ನ ಕಡೆ ಒಂದು ಬೆರಳು ತೋರಿಸಿದರು.

ಹೊರಡುವಾಗ ಡ್ರೈವರ್ ಕಂಪೌಂಡರನನ್ನು ನೋಡುತ್ತಾ ನಿಂತದ್ದಕ್ಕೆ ನಾನು ಗೆದ್ದೆ ಅಂತ ಆಗಲೇ ನನಗೆ ಗೊತ್ತಿತ್ತು. ಆದರೂ ಕೈ ಎತ್ತಿದೆ. ಎತ್ತಿದ ಕೈ ಇಳಿಸಿ ತಿರುಗಿ ನೋಡಿದೆ.

ಕಂಪೌಂಡರ್ ಎಪ್ಪತ್ತು ಮೀಟರಿನ ಹತ್ತಿರ ನಿಂತಿದ್ದ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು, ಬೀದಿ ದಾಟಲು ಕಾಯುವವನ ಹಾಗೆ ಆಚೆ ಈಚೆ ನೋಡುತ್ತಿದ್ದ. ಚಡ್ಡಿ ಕಾಲುಗಳ ಸುತ್ತ ತೂಗುತ್ತಿತ್ತು. ಮೊಣಕಾಲು ತೊಡೆಗಿಂತ ದಪ್ಪ. ಗ್ಯಾಲರಿಯಲ್ಲಿ ಯಾರೂ ಕೂಗುತ್ತಿರಲಿಲ್ಲ.

ಡ್ರೈವರ್ ಅವನ ಕಡೆಗೆ ಕುಂಟುತ್ತಾ ಓಡಿದ. ಸೆಕ್ರೆಟರಿ ಗೆರೆಯ ಬಳಿಯಿಂದ, "ಯಾರೂ ಮುಟ್ಟಬೇಡಿ! ಮುಟ್ಟಿದ್ರೆ ಅವರು ಮುಗಿಸಿದ ಲೆಕ್ಕ ಆಗಲ್ಲ!" ಅಂತ ಕೂಗಿದರು. ಡ್ರೈವರ್ ಒಂದು ಕ್ಷಣ ನಿಂತ.

ಆಗ ನಾನು ಕೂಗಿದ್ದನ್ನು ಇಲ್ಲಿ ಬಿಡಬಹುದಿತ್ತು. ಬಿಡುವುದಿಲ್ಲ. ಬಾಯಿಗೆ ಎರಡೂ ಕೈ ಇಟ್ಟು, "ಬಾರೋ! ಇನ್ನು ಮೂವತ್ತೇ ಮೀಟರು! ನಡ್ಕೊಂಡೇ ಬಾ!" ಅಂತ ಕೂಗಿದೆ.

ಅವನು ನನ್ನ ಕಡೆ ನೋಡಿ ನಡೆದುಕೊಂಡೇ ಬಂದ. ಅವನ ಪಕ್ಕದಲ್ಲಿ ಮುಟ್ಟದೆ, ಎರಡೂ ಕೈ ಚಾಚಿಕೊಂಡು, ಕಲಿಯುವ ಮಗುವಿನ ಜೊತೆ ನಡೆವವನ ಹಾಗೆ ಡ್ರೈವರ್ ಬಂದ. ಗೆರೆ ದಾಟಿದ ಮೇಲೆ ಕಂಪೌಂಡರ್ ನೆಲಕ್ಕೆ ಕೂತ. "ಆಯ್ತೇನೋ?" ಎಂದು ನನ್ನನ್ನು ಕೇಳಿದ. ನಾನು ಗಡಿಯಾರ ಹಿಡಿದವರ ಕಡೆ ನೋಡಿದೆ. ಒಂದು ನಿಮಿಷ ನಾಲ್ಕು ಸೆಕೆಂಡ್ ಅಂತ ಬರೆದುಕೊಂಡರು. ಓಟ ಓಟವಾಯಿತು.

ಪದಕ ಕೊಡುವ ಕಡೆಗೆ ಅವರಿಬ್ಬರೂ ಬರಲಿಲ್ಲ. ನಾನು ತಿರುಗಿ ಬಂದಾಗ ಡ್ರೈವರ್ ಕಂಬಿಯ ಮೇಲಿದ್ದ ಬಟ್ಟೆ ತಂದು ಅವನಿಗೆ ಹಾಕಿಸುತ್ತಿದ್ದ. ಪ್ಯಾಂಟಿನ ಸೊಂಟ ಹಿಡಿದು ಒಳಮಗ್ಗುಲು ತಿರುಗಿಸಿ ನೋಡಿದ. ಅವನಿಗೆ ಹೊಲಿಗೆ ತಿಳಿಯದಿರಬಹುದು, ಒಂದರ ಪಕ್ಕ ಒಂದು ನಾಲ್ಕು ಸಾಲು ತೂತು ಯಾರಿಗೂ ತಿಳಿಯುತ್ತದೆ.

"ಮೂವತ್ತಾರೇ ಇದೆ ಅಂದಿದ್ಯಲ್ಲೋ ಸೂಜಿ," ಎಂದ.

ಅಷ್ಟೇ. ಗಂಟಲು ಏರಿಸಲಿಲ್ಲ. ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದ, ಅಲ್ಲಿಂದ ಟೀಚರಮ್ಮನಿಗೆ ಫೋನು ಮಾಡಿದ. ಹದಿನೈದು ದಿನಕ್ಕೆ ಮಗಳ ಊರಿಗೆ ಹೊರಟುಹೋದ. ಹೋಗುವಾಗ ಅಂಗಡಿಯ ಮುಂದೆಯೇ ಹಾದುಹೋದ.

ನಾನು ಎರಡು ಸಲ ಆಸ್ಪತ್ರೆಯ ಗೇಟಿನವರೆಗೆ ಹೋಗಿ ವಾಪಸು ಬಂದೆ. ಪದಕವನ್ನು ಹೆಂಡತಿ ಕೈಯಲ್ಲಿ ತೂಗಿ ನೋಡಿದಳು, ಕಾಗೆಯ ಮಾತು ಆಡಲಿಲ್ಲ. ಗಾಜಿನ ಬೀರುವಿನಲ್ಲಿ ಇಟ್ಟು, ಮೇಲೆ ಒಂದು ಟವಲು ಮುಚ್ಚಿದಳು.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಮಧ್ಯಾಹ್ನ ಟೀಚರಮ್ಮ ಬಂದರು. ದೊಡ್ಡ ಚೀಲ ಹೊತ್ತಿದ್ದರು. ನಾನು ಎದ್ದು ನಿಂತೆ.

"ಕೂತ್ಕೊಳ್ಳಿ. ಜಗಳಕ್ಕೆ ಬಂದಿಲ್ಲ," ಅಂದರು. ಏಳು ಪ್ಯಾಂಟುಗಳನ್ನೂ ಮೇಜಿನ ಮೇಲಿಟ್ಟರು. ಸ್ಟೂಲಿನ ಮೇಲೆ ಕೂತು, ಕೈಚೀಲದಿಂದ ಗೆರೆಯಿರುವ ನೋಟ್‌ಬುಕ್ಕು, ಪೆನ್ನು ತೆಗೆದರು. "ಡಾಕ್ಟರು ಕೇಳ್ತಿದಾರೆ, ಯಾವ ತಿಂಗಳಿಂದ ಇಳಿಯೋಕೆ ಶುರುವಾಯ್ತು, ಎಷ್ಟೆಷ್ಟು ಇಳೀತು ಅಂತ. ಇವರು ಬಾಯಿ ಬಿಡಲ್ಲ, ಗೋಡೆ ಕಡೆ ತಿರುಗಿ ಮಲಗ್ತಾರೆ. ನಾನು ಹೆಂಡತಿ, ನನಗೆ ಗೊತ್ತಿಲ್ಲ. ಗೊತ್ತಿರೋರು ನೀವೊಬ್ರೇ. ತೋರಿಸಿ."

ಬೂದು ಬಣ್ಣದ ಪ್ಯಾಂಟೊಂದನ್ನು ತೆಗೆದು ಒಳಮಗ್ಗುಲು ತಿರುಗಿಸಿದೆ. ಹೊರಮೈಯ ಗುರುತು ಅಳಿಸಿದ್ದೆ, ಒಳಗಿನದನ್ನು ಯಾರು ನೋಡುತ್ತಾರೆ ಅಂತ ಬಿಟ್ಟಿದ್ದೆ.

"ಇದು ಮೊದಲನೇದು. ಫೆಬ್ರವರಿ ಕೊನೆ. ಒಂದೂವರೆ ಇಂಚು."

ಬರೆದುಕೊಂಡರು. "ಆಮೇಲೆ?"

"ಏಪ್ರಿಲ್. ಇನ್ನೊಂದೂವರೆ. ಮೂವತ್ತಮೂರಾಯ್ತು."

"ಏಪ್ರಿಲ್‌ನಲ್ಲಿ ಬಂದಿದ್ರೆ ಗಡ್ಡೆ ಕತ್ತರಿಸಿ ತೆಗೀಬಹುದಿತ್ತು ಅಂದ್ರು." ಹವಾಮಾನ ಹೇಳಿದ ಹಾಗೆ ಹೇಳಿದರು. "ಆಮೇಲೆ?"

"ಜೂನ್. ಮೂವತ್ತೊಂದೂವರೆ. ಜುಲೈನಲ್ಲಿ ಮೂವತ್ತೂವರೆ."

"ಜುಲೈ ಯಾವಾಗ? ನಾನು ಪರದೆ ತಂದ್ನಲ್ಲ, ಅದಕ್ಕೆ ಮೊದಲೋ ಆಮೇಲೋ?"

"ಮೊದಲು."

"ಎಷ್ಟು ದಿನ ಮೊದಲು?"

"ಐದು ದಿನ."

ಅವರ ಪೆನ್ನು ನಿಂತಿತು. ಮತ್ತೆ ಐದು ಅಂತ ಬರೆದರು, ದುಂಡಗೆ, ಬೋರ್ಡಿನ ಮೇಲೆ ಬರೆಯುವ ಹಾಗೆ.

"ಪ್ಯಾಂಟು ಜಾರ್ತಿತ್ತಲ್ವಾ ಅಂತ ನಿಮ್ಮನ್ನ ಕೇಳಿದೆ."

"ಕೇಳಿದ್ರಿ ಅಮ್ಮ."

"ನನ್ನ ಕಣ್ಣು ಸರಿಯಿಲ್ಲ ಅಂತಾನೂ ಹೇಳಿದೆ."

"ಹೇಳಿದ್ರಿ."

ಹೊರಗೆ ಯಾರೋ ಸೈಕಲ್ ಬೆಲ್ಲು ಬಾರಿಸಿಕೊಂಡು ಹೋದರು. ತಪ್ಪಾಯಿತು ಅನ್ನುವ ಮಾತು ನಾಲಿಗೆಯ ಮೇಲೇ ಇತ್ತು. ಅದನ್ನು ಆಡಿದರೆ ಅವರು ಅದನ್ನೂ ಬರೆದುಕೊಳ್ಳುತ್ತಾರೆ ಅನ್ನಿಸಿತು.

"ಅವನೇ ಬೇಡ ಅಂದ," ಎಂದೆ.

"ಅವರು ಬೇಡ ಅಂದ್ರು, ನಿಮಗೆ ಬೇಕಿತ್ತು. ಇಬ್ಬರೂ ಸೇರಿದ್ರಿ." ತಲೆಯೆತ್ತಿದರು. ಇನ್ನೊಂದು ಕಣ್ಣಿನ ಆಪರೇಷನ್ನೂ ಈಗ ಆಗಿತ್ತೇನೋ, ನನ್ನ ಮುಖವನ್ನು ಅಂಚಿನಿಂದ ಅಂಚಿನವರೆಗೆ ನೋಡಿದರು. "ಎಷ್ಟು ಸೆಕೆಂಡಿಗೆ ಗೆದ್ರಿ?"

"ಹದಿನಾರು ಪಾಯಿಂಟ್ ಮೂರು."

ಅದನ್ನೂ ಬರೆದುಕೊಂಡರು.

ನೋಟ್‌ಬುಕ್ಕು ಮುಚ್ಚಿ, ಪ್ಯಾಂಟುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿ, ಮೆಟ್ಟಿಲಿಳಿದು ಹೋದರು. ಹೋದ ಮೇಲೆ ನೋಡುತ್ತೇನೆ, ಬೂದು ಪ್ಯಾಂಟು ನನ್ನ ತೊಡೆಯ ಮೇಲೇ ಉಳಿದಿದೆ. ಬೀದಿಯ ತುದಿಯ ನಿಲ್ದಾಣದಲ್ಲಿ ಆಸ್ಪತ್ರೆಯ ಕಡೆಗಿನ ಬಸ್ಸು ನಿಂತಿತ್ತು, ಅವರು ಹತ್ತುತ್ತಿದ್ದರು. ಟೇಪು ಕತ್ತಿನಲ್ಲಿದ್ದ ಹಾಗೇ ಓಡಿದೆ. ತರಕಾರಿ ಗಾಡಿ ದಾಟಿ, ನಿಲ್ಲಿಸಿದ್ದ ಸ್ಕೂಟರುಗಳ ನಡುವೆ ನುಗ್ಗಿ ಓಡಿದೆ. ಬಸ್ಸು ಕದಲುವಷ್ಟರಲ್ಲಿ ಅವರ ಕಿಟಕಿಯ ಕೆಳಗಿದ್ದೆ. ಪ್ಯಾಂಟು ಎತ್ತಿ ಹಿಡಿದೆ. ಅವರು ಕೈ ಹೊರಗೆ ಚಾಚಿ ತೆಗೆದುಕೊಂಡರು, ಚೀಲದಲ್ಲಿಟ್ಟರು, ಗಾಜು ಎಳೆದುಕೊಂಡರು. ಎದುರಿನ ಅಂಗಡಿಯ ಬೀಗ ರಿಪೇರಿಯವನು ನನ್ನ ಓಟ ನೋಡಿ ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೆ ಅರ ಉಜ್ಜತೊಡಗಿದ.